ಆರಡಿಯ ಗ್ರಿಲ್

ಸಿರಿಲ್ ರೆಸಾರ್ಟುಗಳಿಗೆ ಅರ್ಜೆಂಟೀನಾ ಮಾದರಿಯ ಬಾರ್ಬೆಕ್ಯೂ ಗ್ರಿಲ್ ಮಾಡಿಕೊಡುವ ವೆಲ್ಡರ್. ಅವನ ಶೆಡ್ಡಿಗೆ ಬಂದ ವೃದ್ಧರೊಬ್ಬರು ಕಬ್ಬಿಣದ ಒಂದೊಂದು ಸರಳನ್ನೂ ಅಂಗೈಯಿಂದ ಒತ್ತಿ ನೋಡಿದರು.

“ಜೋರು ಬೆಂಕಿಗೆ ಬಗ್ಗಲ್ವಾ?”

“ಜಪ್ಪಯ್ಯ ಅಂದ್ರೂ ಬಗ್ಗಲ್ಲ ಯಜಮಾನ್ರೇ. ಬಿಸಿ ಇರೋವಾಗ್ಲೇ ಬ್ರಷ್‌ನಲ್ಲಿ ಉಜ್ಜಿ ಎಣ್ಣೆ ಸವರ್ತಾ ಇದ್ರೆ ತುಕ್ಕೂ ಹಿಡಿಯಲ್ಲ.”

“ಮಳೇಲೇ ಬಿದ್ದಿರುತ್ತೆ. ನಾನೇ ಹೋಗಿ ಸವರ್ತೀನಿ ಬಿಡು. ಆರಡಿ ಉದ್ದ ಮಾಡ್ಕೊಡು.”

ಅಷ್ಟು ದೊಡ್ಡದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಸಿರಿಲ್ ಹಿಗ್ಗಿ ನಕ್ಕ.

“ಆರಡೀನಾ! ಇಡೀ ಕುರೀನೇ ಮಲಗಿಸಬಹುದು. ಮನೇಲಿ ಏನು ವಿಶೇಷ?”

ವೃದ್ಧರು ಸರಳಿನ ಮೇಲಿಂದ ಕೈ ತೆಗೆಯಲಿಲ್ಲ.

“ನಮ್ಮೂರ ಸುಡುಗಾಡಿಗೆ ಕಣಪ್ಪ. ನಮ್ಮ ಮನೆಯವಳನ್ನ ಸುಡೋವಾಗ ಸೌದೆ ಅರ್ಧಕ್ಕೇ ಕುಸಿದು, ಅವಳು ಕೆಳಗೆ ಉರುಳಿಬಿಟ್ಟಳು.”