ಎಡಗಡೆಯ ಹುಬ್ಬು

ಮತ್ತೊಮ್ಮೆ ಹುಬ್ಬು ಸೊಟ್ಟಗಾಗಿ ಹಣೆಯ ಮೇಲೆ ಹರಿದಾಗ ಜೋಕರ್ ಕುಂಚವನ್ನು ಮೇಜಿನ ಮೇಲಿಟ್ಟು, ಬಾಗಿಲ ಬಳಿ ನಿಂತಿದ್ದ ಅಕ್ಕನ ಕಡೆ ತಿರುಗಿದ. ಆಟ ಶುರುವಾಗಲು ಹೆಚ್ಚು ಹೊತ್ತಿರಲಿಲ್ಲ. ಅವನಿಗೆ ಇದೇ ಕಡೆಯ ಆಟ. ಈ ವರ್ಷ ಹತ್ತಿಕೊಂಡ ಕೈ ನಡುಕ ಇವತ್ತು ಹೇಳಿದ ಮಾತೇ ಕೇಳುತ್ತಿರಲಿಲ್ಲ.

“ನೀನೇ ಬರೀಬೇಕು ಅಕ್ಕ. ಈ ಮುಖ ಬೇರೆಯವರ ಕೈಗೆ ಕೊಡೋಕಾಗಲ್ಲ.”

ಅಕ್ಕ ಬಂದಿದ್ದು ಅವನು ಮನೆಯಲ್ಲಿ ಮರೆತಿದ್ದ ಮಾತ್ರೆ ಕೊಟ್ಟು ಹೋಗಲು, ಅಷ್ಟೆ. ತಮ್ಮನ ಆಟ ನೋಡುವುದಿರಲಿ, ಇಷ್ಟು ವರ್ಷದಲ್ಲಿ ಈ ಕಟ್ಟಡದ ಮೆಟ್ಟಿಲನ್ನೂ ತುಳಿದವಳಲ್ಲ. ಓದು ಬಿಟ್ಟು ನಾಟಕ ಕಂಪನಿಯ ಹಿಂದೆ ಓಡಿಹೋದವನು, ಅಪ್ಪ ಸತ್ತಾಗಲೂ ಬಾರದವನು ಎಂಬ ಸಿಟ್ಟು ಅವಳಲ್ಲಿ ಆರಿರಲಿಲ್ಲ. ವಯಸ್ಸಾದ ಮೇಲೆ ಅವನು ಅವಳ ಮನೆಗೇ ಬಂದು ಸೇರಿದ್ದ. ಕೈಗೆ ಸಿಕ್ಕಿದ್ದರ ಮೇಲೆಲ್ಲ ಚಿತ್ರ ಬರೆಯುವ ಹುಚ್ಚು ಅವನಿಗೆ. ಊಟದ ಮೇಜಿನ ಮೇಲೆ ನೊಣ ಬರೆದಿದ್ದ. ಅಕ್ಕ ಬಟ್ಟೆ ಹಿಡಿದು ಅದನ್ನು ಹೊಡೆದು ಹೊಡೆದು ಸುಸ್ತಾಗಿದ್ದಳು. ಬರಿಗಾಲಿಗೆ ಕಾಲುಚೀಲದ ಚಿತ್ರ ಬರೆದುಕೊಂಡು ಅವಳ ಬೀಗರ ಮನೆಗೆ ಹೋಗಿ, ಠೀವಿಯಿಂದ ಕಾಲ ಮೇಲೆ ಕಾಲು ಹಾಕಿ ಕೂತು ಬಂದಿದ್ದ. ಅವಳು ಬೈಯುತ್ತಿದ್ದಳು, ಆಮೇಲೆ ಊಟಕ್ಕೆ ಬಡಿಸುತ್ತಿದ್ದಳು.

ಈಗಲೂ ಬೈದುಕೊಂಡೇ ಕುರ್ಚಿ ಎಳೆದು ಅವನೆದುರು ಕೂತಳು. ಜೀವಮಾನವೆಲ್ಲ ಹೊಲಿಗೆ ಹಾಕಿದ ಕೈ, ಅಳುಕಲಿಲ್ಲ. ಕೆಟ್ಟುಹೋದ ಗೆರೆಗಳನ್ನು ಒರೆಸಿ ಮತ್ತೆ ಬಿಳಿ ಹಚ್ಚಿದಳು. ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದ: ಹುಬ್ಬುಗಳ ನಡುವೆ ಎರಡು ಉದ್ದ ಗೆರೆ, ಮೂಗಿನ ಪಕ್ಕದಿಂದ ಗಲ್ಲದವರೆಗೆ ಒಂದು ಮಡಿಕೆ, ತುಟಿ ಒಂದು ಮೂಲೆಯಲ್ಲಿ ಕೆಳಗಿಳಿಯಬೇಕು, ಹಾಗಲಕಾಯಿ ಕಚ್ಚಿದ ಹಾಗೆ. ಕೊನೆಗೆ, ಬಲಗಡೆಯ ಹುಬ್ಬು ಮೇಲಕ್ಕೆ ಏರಲಿ ಎಂದ.

ಅಕ್ಕನ ಕೈ ಬಲಗಡೆಗೆ ಹೋಗಲಿಲ್ಲ. ಯಾರನ್ನೂ ಕೇಳದೆ ಅವನ ಎಡಗಡೆಗೆ ಹೋಗಿ, ಒಂದೇ ಬೀಸಿನಲ್ಲಿ ಹುಬ್ಬನ್ನು ಮೇಲಕ್ಕೆತ್ತಿಬಿಟ್ಟಿತು. ತಮ್ಮ ಕಣ್ಣು ತೆರೆದ. ಅಕ್ಕ ತನಗೇ ತಿಳಿಯದೆ ಕುರ್ಚಿಯಿಂದ ಎದ್ದು, ಕೈಕಟ್ಟಿ ನೆಟ್ಟಗೆ ನಿಂತಿದ್ದಳು.

“ಅಪ್ಪ,” ಎಂದಳು.

ಅಪ್ಪ ಅಚ್ಚುಕೂಟದಲ್ಲಿ ಹಗಲೆಲ್ಲ ಕರಡು ತಿದ್ದಿ, ಸಂಜೆ ಮನೆಗೆ ಬಂದು ಮಕ್ಕಳನ್ನು ತಿದ್ದುತ್ತಿದ್ದರು. ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೇಳಿದರೆ ಸಾಕು, ಅಕ್ಕ ತಮ್ಮನ ಚಿತ್ರಗಳನ್ನು ಹಾಸಿಗೆಯ ಕೆಳಗೆ ತಳ್ಳುತ್ತಿದ್ದಳು. ಒಮ್ಮೆ ಒಂದು ಕುದುರೆ ಹೊರಗೇ ಉಳಿದುಬಿಟ್ಟಿತ್ತು. ಓಡುವ ಕುದುರೆ ಎಂದು ತಮ್ಮ ಅದಕ್ಕೆ ಐದು ಕಾಲು ಬರೆದಿದ್ದ. ಅಪ್ಪ ಕಿವಿಯ ಸಂದಿನಿಂದ ಪೆನ್ನು ತೆಗೆದು, ಒಂದು ಕಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮಾತಾಡದೆ ಎಡ ಹುಬ್ಬು ಎತ್ತಿದ್ದರು. ದಂಡದ ಖರ್ಚೆಂದು ಅವರು ಒಂದು ಫೋಟೋ ಕೂಡ ತೆಗೆಸಿಕೊಂಡವರಲ್ಲ. ಈಚೆಗೆ ಅಕ್ಕ ಎಷ್ಟು ನೆನೆದರೂ ಅವಳಿಗೆ ಶಾಯಿಯ ವಾಸನೆ ಬರುತ್ತಿತ್ತು, ಬೂಟಿನ ಸದ್ದು ಕೇಳುತ್ತಿತ್ತು, ಮುಖ ಮಾತ್ರ ಬರುತ್ತಿರಲಿಲ್ಲ.

“ಅಪ್ಪನ್ನ ನೋಡಿ ಊರೆಲ್ಲ ನಗಲಿ ಅಂತ ಹೀಗೆ ಮಾಡ್ದಾ?” ಎಂದು ಕೇಳಿದಳು.

“ಮೊದಮೊದಲು ಸಿಟ್ಟಿಗೇ ಬರ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಮಕ್ಕಳು ಬರೋಕೆ ಶುರುಮಾಡಿದ್ವು ಅಕ್ಕ. ಆಟ ಮುಗಿದ್ರೆ ಓಡಿಬಂದು ತೊಡೆ ಹತ್ತಿ ಕೂತು ಮೂಗು ಹಿಂಡೋವು, ಕೆನ್ನೆ ತಟ್ಟೋವು. ನಾವಿಬ್ರೂ ಒಂದು ದಿನ ಆದ್ರೂ ಅಪ್ಪನ ಮುಖ ಮುಟ್ಟಿದ್ವಾ? ಪಾಪ, ಅವರಿಗೆ ಅದು ಸಿಗಲೇ ಇಲ್ಲ. ಈಗಾದ್ರೂ ಸಿಗಲಿ ಅಂತ ಈ ಮುಖ ಬಿಡಲಿಲ್ಲ.”

ಅಕ್ಕ ಮತ್ತೆ ಕುರ್ಚಿಯಲ್ಲಿ ಕೂತಳು. ಆಮೇಲೆ, “ಅಪ್ಪ ಹುಬ್ಬು ಎತ್ತುತ್ತಿದ್ದಿದ್ದು ಎಡಗಡೆದು. ನೀನು ಬಲಗಡೆ ಅಂತೀಯಲ್ಲ,” ಎಂದಳು.

ಅವನು ಕನ್ನಡಿಗೆ ಮುಖ ಕೊಟ್ಟ, ಅಕ್ಕನನ್ನು ನೋಡಿದ, ಮತ್ತೆ ಕನ್ನಡಿ ನೋಡಿದ. ಹೊಟ್ಟೆ ಕುಲುಕಿಸಿಕೊಂಡು ಸದ್ದಿಲ್ಲದೆ ನಗತೊಡಗಿದ. “ಕನ್ನಡಿ ನೋಡ್ಕೊಂಡು ಬರೀತಿದ್ನಲ್ಲ! ಇಷ್ಟು ವರ್ಷ ಅಪ್ಪನ್ನ ಎಡಬಲ ಅದಲುಬದಲು ಮಾಡಿ ಮೆರೆಸಿಬಿಟ್ಟೆ.”

“ನೋಡಿದ್ರೆ ಕೆಂಪು ಶಾಯಿ ಹಾಕೋರು,” ಎಂದಳು ಅಕ್ಕ. ಒರೆಸಲೇ ಎಂದು ಕೇಳಿದ್ದಕ್ಕೆ ಅವನು ಬೇಡವೆಂದು ತಲೆಯಾಡಿಸಿದ. ಇವತ್ತೊಂದು ದಿನವಾದರೂ ಸರಿಯಾಗಿ ಹೋಗಲಿ ಎಂದ.

ಅಕ್ಕ ಮನೆಗೆ ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಬೆಳಕಿನೊಳಕ್ಕೆ ಬಂದ ಜೋಕರ್ ಹುಬ್ಬೆತ್ತಿ ಒಂದು ಬಕೆಟ್ಟನ್ನು ಗದರಿಸಿದ; ಅದಕ್ಕೇ ಎಡವಿ ಬಿದ್ದ; ಎದ್ದು, ಅಂಗಿ ಕೊಡವಿಕೊಂಡು, ಮತ್ತೆ ಗದರಿಸಿ, ಮತ್ತೆ ಬಿದ್ದ. ಜನ ಕುರ್ಚಿ ಬಡಿದು ನಕ್ಕರು. ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಇಳಿಯುವಷ್ಟು. ಪಕ್ಕದಲ್ಲಿ ಮಗು ಎತ್ತಿಕೊಂಡು ಕೂತಿದ್ದವಳು ಅವಳ ಕಡೆ ಬಾಗಿ, ಅವರು ನಿಮಗೆ ಗೊತ್ತಿರೋರಾ ಎಂದು ವಿಚಾರಿಸಿದಳು.

“ನಮ್ಮಪ್ಪ,” ಎಂದಳು ಅಕ್ಕ, ಕಣ್ಣು ಒರೆಸಿಕೊಳ್ಳುತ್ತಾ.

ಆಕೆ ಇವಳ ನರೆತ ತಲೆಯನ್ನೊಮ್ಮೆ, ಬೆಳಕಿನಲ್ಲಿ ಕುಣಿಯುತ್ತಿದ್ದ ಜೋಕರನನ್ನೊಮ್ಮೆ ನೋಡಿ, ಇದೂ ಆಟದ್ದೇ ತಮಾಷೆ ಎಂದುಕೊಂಡು ಜೋರಾಗಿ ನಕ್ಕುಬಿಟ್ಟಳು.