ಸೋಪಿನ ಆನೆಯನ್ನು ಕೊನೆತನಕ ನೋಡಿದವರು

"ನಮ್ಮ ಚಾನೆಲ್ ನೋಡಿದ್ರಾ?" ಎಂದು ಕ್ಷೌರಿಕ ಕೇಳಿದಾಗ ಅವನ ಕತ್ತಿ ಬ್ರೆಡ್ಡಣ್ಣನ ಗಂಟಲ ಮೇಲಿತ್ತು.

ಬೀದಿಯ ಕೊನೆಯಲ್ಲಿ ಬೇಕರಿ ಇಟ್ಟುಕೊಂಡಿದ್ದ ಬ್ರೆಡ್ಡಣ್ಣ ತಲೆಯಾಡಿಸುವ ಸ್ಥಿತಿಯಲ್ಲಿರಲಿಲ್ಲ. ಮೂಗಿನಿಂದಲೇ "ಹೂಂ" ಎಂದ.

"ಚೆನ್ನಾಗಿತ್ತಾ?"

"ಹೂಂ."

"ಹಾಗಾದ್ರೆ ಸಬ್‌ಸ್ಕ್ರೈಬ್ ಆಗಿಬಿಡಿ."

ಹೊದಿಸಿದ್ದ ಬಿಳಿ ಬಟ್ಟೆಯೊಳಗಿಂದ ಒಂದು ಕೈ, ಮೊಬೈಲ್ ಸಮೇತ, ಶರಣಾದವರಂತೆ ಮೆಲ್ಲಗೆ ಹೊರಬಂತು.

ಸೋಪಿನ ಬಿಲ್ಲೆಯಲ್ಲಿ ಆನೆ, ಆಮೆ, ಕರುವಿನ ಮೈ ನೆಕ್ಕುವ ಹಸು ಕೆತ್ತುವುದು ಕ್ಷೌರಿಕನ ಹವ್ಯಾಸ. ರಜೆಯ ದಿನ ಕೆತ್ತುತ್ತಿದ್ದ. ಕೆತ್ತುವುದನ್ನು ಮೊಬೈಲಿನಲ್ಲಿ ಹಿಡಿದು ನಾಲ್ಕು ಜನಕ್ಕೆ ತೋರಿಸುವ ಆಸೆ ಈಚೆಗೆ ಹುಟ್ಟಿತ್ತು. ಅದನ್ನು ತಪ್ಪೆನ್ನುವ ಹಾಗಿಲ್ಲ. ಬೆಟ್ಟ, ಹೊಳೆ ಎಲ್ಲ ಮಾಡಿ ಮುಗಿಸಿದ ಭಗವಂತನೇ, ನೋಡುವುದಕ್ಕೆ ಯಾರಾದರೂ ಇರಲಿ ಎಂದು ಮನುಷ್ಯನನ್ನು ಮಾಡಿದನೋ ಏನೋ. ಇವನು ಪಾಪ, ಬರೀ ಆನೆ ಮಾಡಿದವನು.

ಆ ಕುರ್ಚಿಯಲ್ಲಿ ಕೂತವರೆಲ್ಲ ಚಾನೆಲ್ಲಿಗೆ ಸೇರಿದರು. ವಕೀಲರು ಸೇರಿದರು, ಬಸ್ ಕಂಡಕ್ಟರ್ ಸೇರಿದ, ಮೊಬೈಲ್ ಮುಟ್ಟಿ ಗೊತ್ತಿಲ್ಲದ ಮುದುಕರೊಬ್ಬರು ಮೊಮ್ಮಗಳ ಮೊಬೈಲಿನಿಂದ ಸೇರಿದರು. ಆದರೆ ಸೇರಿದವರು ರಾಶಿ, ನೋಡಿದವರು ಬೆರಳೆಣಿಕೆ.

"ಆ ಬೆರಳೂ ನಿಮ್ದೇ," ಎಂದಳು ಹೆಂಡತಿ, ಬೆಂಚಿನ ಮೇಲೆ ಟವೆಲ್ ಮಡಿಸುತ್ತ. "ದಿನಾ ನೀವೇ ಒತ್ತಿ ಒತ್ತಿ ನೋಡ್ತೀರಲ್ಲ."

"ಎಲ್ರೂ ಚೆನ್ನಾಗಿದೆ ಅಂತಾರೆ ಕಣೇ!"

"ಗಂಟಲ ಮೇಲೆ ಕತ್ತಿ ಇಟ್ಟು ಕೇಳಿದ್ರೆ ನಿಮ್ಮ ಗೊರಕೇನೂ ಚೆನ್ನಾಗಿದೆ ಅಂತಾರೆ. ಅವರು ಸೇರಿದ್ದು ಕತ್ತಿಗೆ ರೀ, ಆನೆಗಲ್ಲ."

ಕ್ಷೌರಿಕ ನಕ್ಕುಬಿಟ್ಟ. ಆದರೆ ಮಾತು ಒಳಗೆಲ್ಲೋ ನಾಟಿತು. ಅಷ್ಟರಲ್ಲಿ ಬೀದಿಯಲ್ಲಿ ಗಡ್ಡಗಳು ಕಾಣಿಸಿಕೊಂಡವು. ಮೊದಲು ಕಂಡಕ್ಟರನದು, ಆಮೇಲೆ ವಕೀಲರದು, ಕೊನೆಗೆ ಬ್ರೆಡ್ಡಣ್ಣನದೂ. ಅಂಗಡಿ ಹತ್ತಿರವಾದಂತೆ ಗಡ್ಡದವರೆಲ್ಲ ಎದುರು ಬದಿಗೆ ದಾಟಿ, ಯಾರದೋ ಫೋನ್ ಬಂದವರ ಹಾಗೆ ಕಿವಿಗೆ ಕೈಯೊತ್ತಿ ನಡೆದರು. ಕುರ್ಚಿಯ ಮೇಲೆ ನೊಣ ಕೂತಿತು.

"ಒಂದು ಆನೆ ಮಾಡೋಕೆ ಹೋಗಿ ಊರಿಗೆ ಊರನ್ನೇ ಕರಡಿ ಮಾಡಿದ್ರಿ," ಎಂದಳು ಹೆಂಡತಿ.

ಈ ಸಲ ಅವನಿಗೆ ನಗು ಬರಲಿಲ್ಲ. "ಒಬ್ಬರಾದ್ರೂ ನಿಜವಾಗಿ ನೋಡಿದ್ರಾ, ಅದು ಗೊತ್ತಾದ್ರೆ ಸಾಕು. ಇಲ್ಲಾಂದ್ರೆ ಇವತ್ತೇ ಚಾನೆಲ್ ಮುಚ್ಚಿಬಿಡ್ತೀನಿ," ಎಂದ.

ಅವನ ದನಿ ಕೇಳಿ ಅವಳು ಟವೆಲ್ ಕೆಳಗಿಟ್ಟಳು. "ಹೋಗಿ ಕೇಳ್ಕೊಂಡು ಬನ್ನಿ. ಕತ್ತಿ ಇಲ್ಲೇ ಇರಲಿ."

ಬೇಕರಿಯ ಬಾಗಿಲಲ್ಲಿ ಕ್ಷೌರಿಕನನ್ನು ಕಂಡದ್ದೇ ತಡ, ಬ್ರೆಡ್ಡಣ್ಣ ಹಿಟ್ಟಿನ ಕೈಯಿಂದ ಎರಡೂ ಕೆನ್ನೆ ಮುಚ್ಚಿಕೊಂಡ. ಗಡ್ಡ ನಿಂತಲ್ಲೇ ಬೆಳ್ಳಗಾಯಿತು.

"ಕತ್ತಿ ತಂದಿಲ್ಲ ಬ್ರೆಡ್ಡಣ್ಣ," ಎಂದು ಕ್ಷೌರಿಕ ಅಂಗೈ ಬಿಡಿಸಿ ತೋರಿಸಿದ. "ನಿಜ ಹೇಳಿಬಿಡಿ. ನೋಡಿದ್ದೀರಾ?"

"ಬೇಜಾರು ಮಾಡ್ಕೋಬಾರ್ದು."

"ಇಲ್ಲ."

"ಯಜಮಾನ್ರೇ, ಅದು ಆನೆ ಅಲ್ಲ. ಹಂದಿ."

ಕ್ಷೌರಿಕನ ಮುಖ ಸಪ್ಪಗಾಯಿತು. ಆದರೆ ಕಟ್ಟೆಯೊಡೆದ ನೀರು ನಿಲ್ಲುತ್ತದೆಯೇ? ಬ್ರೆಡ್ಡಣ್ಣ ಮುಂದುವರಿಸಿದ. "ಮೊದಲು ಆನೇನೇ ಇತ್ತು, ಸುಳ್ಳು ಹೇಳಬಾರ್ದು. ಕೊನೇಲಿ ಸೊಂಡಿಲು ಮುರಿದು ಬಿತ್ತಲ್ಲ? ಅದನ್ನ ನೀವು ಮೊಣಕೈಯಿಂದ ಮೆಲ್ಲಗೆ ಆಚೆ ತಳ್ಳಿದ್ರಿ. ಮೂತಿ ನುಣ್ಣಗೆ ಮಾಡಿ, 'ಇದು ಆನೆಮರಿ' ಅಂದ್ಬಿಟ್ರಿ. ನಾನು ಬಾಯಿ ಬಿಟ್ಕೊಂಡು ನೋಡ್ತಾ ಕೂತೆ, ಒಲೇಲಿ ಬ್ರೆಡ್ಡು ಸೀದೇ ಹೋಯ್ತು. ಇದನ್ನ ಆ ಕುರ್ಚೀಲಿ ಕೂತು ಹೇಗ್ರೀ ಹೇಳೋದು? ಅದಕ್ಕೇ ಗಡ್ಡ ಬಿಟ್ಟೆ."

ಕ್ಷೌರಿಕನ ಕಣ್ಣು ಅರಳಿತು.

"ಸೊಂಡಿಲು ಬಿದ್ದದ್ದನ್ನ ನೋಡಿದ್ರಾ? ಅದು ಕಟ್ಟಕಡೇಲಿ ಬರೋದು!"

ಬೇಡವೆಂದರೂ ಕೇಳದೆ, ಕಳೆದುಹೋದ ಹಸು ಸಿಕ್ಕವನ ಹಾಗೆ, ಬ್ರೆಡ್ಡಣ್ಣನ ಕೈಹಿಡಿದು ಬೀದಿಯುದ್ದಕ್ಕೂ ನಡೆಸಿಕೊಂಡು ಬಂದ. ದೂರದಿಂದಲೇ ಕೂಗಿದ. "ಏ ಇವಳೇ, ಸಿಕ್ಕಿದ್ರು! ಕೊನೇತನಕ ನೋಡಿದವರು ಸಿಕ್ಕಿದ್ರು! ಆನೆ ಹಂದಿ ತರ ಇದೆಯಂತೆ!"

"ಅದನ್ನ ನಾನು ಅವತ್ತೇ ಹೇಳ್ಲಿಲ್ವಾ?"

"ನೀನು ಹೇಳಿದ್ದು ಬೈಗುಳ. ಇದು ವಿಮರ್ಶೆ."

ಬ್ರೆಡ್ಡಣ್ಣನನ್ನು ಕೂರಿಸಿ, ಕೆನ್ನೆಗೆ ನೊರೆ ಹಚ್ಚಿ, ಒಂದು ಬದಿಯ ಗಡ್ಡ ತೆಗೆದಿದ್ದ ಅಷ್ಟೆ. ಬ್ರೆಡ್ಡಣ್ಣ ತಡೆಯಲಾರದೆ, "ಆ ಆಮೆ ಇತ್ತಲ್ಲ…" ಎಂದ. ಕ್ಷೌರಿಕ ತಟಕ್ಕನೆ ಕತ್ತಿ ಮಡಿಸಿ ಹೆಂಡತಿಯ ಕೈಗೆ ಕೊಟ್ಟು, ಬೆಂಚಿನ ತುದಿಯಲ್ಲಿ ಕೂತು ಕೈಕಟ್ಟಿದ. ಬ್ರೆಡ್ಡಣ್ಣ ಆಮೆಯ ಬೆನ್ನಿನಿಂದ ಶುರುಮಾಡಿ ಕಾಲಿಗೆ ಬರುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತು.

"ಒಲೇಲಿ ಬ್ರೆಡ್ಡಿದೆ ಯಜಮಾನ್ರೇ, ಈ ಕೆನ್ನೇನೂ ಮುಗಿಸಿಬಿಡಿ."

"ಇರಿ ಬ್ರೆಡ್ಡಣ್ಣ, ಕತ್ತಿ ಹಿಡಿದ್ರೆ ನೀವು ಚೆನ್ನಾಗಿದೆ ಅಂದ್ಬಿಡ್ತೀರಿ. ಮೊದಲು ಆಮೆ ಮುಗೀಲಿ."