ಬಹುವಚನ

“ಸಿಕ್ಕಿಬಿದ್ಲು!” ಎಂದು ಅಚ್ಯುತ ತೊಡೆ ತಟ್ಟಿ ನಕ್ಕ. ಟೀವಿಯ ಹಳೆಯ ಕಪ್ಪು-ಬಿಳುಪು ಫ್ರೆಂಚ್ ಸಿನಿಮಾದಲ್ಲಿ, ಪ್ರಿಯಕರನ ಜೊತೆ ಸೇರಿ ಗಂಡನಿಗೆ ವಿಷವಿಕ್ಕಿ ಕೊಂದಿದ್ದ ನಾಯಕಿ ಪೊಲೀಸರೆದುರೇ ಆ ಪ್ರಿಯಕರನಿಗೆ ಏನೋ ಅಂದು, ತಟ್ಟನೆ ಬಾಯಿ ಮುಚ್ಚಿಕೊಂಡಿದ್ದಳು.

“ಏನಂದ್ಲು?” ಎಂದ ಪಕ್ಕದಲ್ಲಿದ್ದ ವಿಭವ್. ಅವನು ಅಚ್ಯುತನ ಹೆಂಡತಿ ಜಲಜಾಳ ಕಾಲೇಜು ಗೆಳೆಯ. ಅವನ ಭಾನುವಾರದ ಊಟ ಪುಂಗೋಲ್ ಬಡಾವಣೆಯ ಇವರ ಮನೆಯಲ್ಲೇ. ಈಗಷ್ಟೇ ಅವಳು “ಲೋ, ಕಾಫಿ ಕುಡೀತೀಯೇನೋ?” ಎಂದು ಅವನನ್ನು ಕೇಳಿ ಅಡುಗೆಮನೆಗೆ ಹೋಗಿದ್ದಳು.

“ಸಬ್‌ಟೈಟಲ್‌ನಲ್ಲಿ ಬರೀ ‘ಯು’ ಅಂತ ಬರತ್ತೆ,” ಎಂದ, ಆಫೀಸಿಗಾಗಿ ಫ್ರೆಂಚ್ ಕಲಿತಿದ್ದ ಅಚ್ಯುತ. “ಫ್ರೆಂಚಲ್ಲಿ ನಮ್ಮ ಥರಾನೇ ನೀನು ಬೇರೆ, ನೀವು ಬೇರೆ. ಇಷ್ಟು ದಿನ ಎಲ್ಲರ ಮುಂದೆ ಅವನಿಗೆ ನೀವು, ನೀವು ಅಂತಿದ್ದೋಳು, ಈಗ ನೀನು ಅಂದ್ಬಿಟ್ಲು. ಒಂದೇ ಪದಕ್ಕೆ ಗುಟ್ಟು ರಟ್ಟಾಯ್ತು!”

ಜಲಜಾ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಬಂದು ಗಂಡನಿಗೊಂದು ಲೋಟ ಕೊಟ್ಟಳು, ಆಮೇಲೆ ಗೆಳೆಯನ ಕಡೆ ತಿರುಗಿದಳು.

“ತಗೊಳ್ಳಿ ವಿಭವ್. ನಿಮಗೆ ಸಕ್ಕರೆ ಹಾಕಿಲ್ಲ.”

ತುಟಿಯವರೆಗೆ ಒಯ್ದಿದ್ದ ಲೋಟವನ್ನು ಅಚ್ಯುತ ಕುಡಿಯದೆ ಕೆಳಗಿಟ್ಟ.